ದುರ್ಗದಲ್ಲಿ ಐಸ್‌ಲ್ಯಾಂಡಿನ ಬಂಡೆ

ನಮ್ಮಕ್ಕನ ಮಗ ಕೈತುಂಬ ಸಂಬಳ ಬರುತ್ತಿದ್ದ ಕೆಲಸ ಬಿಟ್ಟು ಮನೆಯಲ್ಲಿ ಆಟ ಆಡಿಕೊಂಡು ಕೂತಿದ್ದಾನೆ ಎಂಬ ಸುದ್ದಿ ನೆಂಟರಿಷ್ಟರಲ್ಲೆಲ್ಲ ಒಂದು ಸುತ್ತು ಬಂದು, ಕಡೆಗೆ ಅವನಿಗೆ ಬುದ್ಧಿ ಹೇಳುವ ಕೆಲಸ ಸೋದರಮಾವನಾದ ನನ್ನ ತಲೆಗೆ ಬಂತು. ಈ ಕೆಲಸಕ್ಕೆ ನನಗಿರುವ ಅರ್ಹತೆ ಇಷ್ಟೇ: ಹೇಳಿಕೊಳ್ಳುವಂಥ ಉದ್ಯೋಗ ನನಗೂ ಇಲ್ಲ, ನಾನು ಹರಟೆ ಬರೆಯುತ್ತೇನೆ. ಅಕ್ಕ ಬಾಗಿಲಲ್ಲೇ ತಡೆದು, “ಸ್ವಲ್ಪ ಗಟ್ಟಿಯಾಗೇ ಹೇಳು” ಎಂದು ಪಿಸುಗುಟ್ಟಿ, ಕೈಗೆ ಕಾಫಿ ಲೋಟ ಕೊಟ್ಟು, ಮಗನ ಕೋಣೆಗೆ ನೂಕಿದಳು.

“ಆಟ ಆಡ್ತಿಲ್ಲ ಮಾಮ, ಆಟ ಮಾಡ್ತಿದೀನಿ” ಎಂದ ಅವನು, ತಲೆ ಎತ್ತದೆ. ಆಡುವುದಕ್ಕೂ ಮಾಡುವುದಕ್ಕೂ ಒಂದಕ್ಷರದ ವ್ಯತ್ಯಾಸ. ಸಂಬಳದಲ್ಲಿ ಅಷ್ಟೂ ಇಲ್ಲ.

ತೆರೆಯ ಮೇಲೆ ಚಿತ್ರದುರ್ಗದ ಕೋಟೆ ಇತ್ತು. ಶಾಲೆಯಿಂದ ಪ್ರವಾಸಕ್ಕೆ ಬಂದ ಹುಡುಗನೊಬ್ಬ ಗುಂಪು ತಪ್ಪಿ ಕೋಟೆಯೊಳಗೇ ಉಳಿದುಬಿಡುತ್ತಾನೆ, ಕತ್ತಲಾಗುತ್ತಿದೆ, ಏಳು ಸುತ್ತು ದಾಟಿ ಹೊರಗೆ ಬರಬೇಕು. ಆಟ ಇಷ್ಟು. ಚೆನ್ನಾಗಿದೆ ಅನ್ನಿಸಿತು, ಬುದ್ಧಿ ಹೇಳಲು ಬಂದವನು ಮೊದಲೇ ಮೆಚ್ಚಿಬಿಡಬಾರದೆಂದು ಬಾಯಿ ಬಿಡಲಿಲ್ಲ. ಮುಳುಗುವ ಸೂರ್ಯನ ಬೆಳಕು ಕಲ್ಲಿನ ಬಿರುಕಿಗೆ ಇಳಿದು, ಎದುರುಗೋಡೆಗೆ ತಾಗಿ, ಅಲ್ಲಿಂದ ಹುಡುಗನ ಕೆನ್ನೆಗೆ ಕೆಂಪಾಗಿ ಹಾಯುತ್ತಿತ್ತು. ಎಲ್ಲ ಸರಿ, ಆದರೆ ಆ ಕಲ್ಲು ನೋಡಿದರೆ ಏನೋ ಕಸಿವಿಸಿ. ಕರ್ರಗಿದೆ, ಮೈಯೆಲ್ಲ ತೂತು, ತಲೆಯ ಮೇಲೆ ಮೆತ್ತನೆಯ ಹಸಿರು ಪಾಚಿ.

“ಇದ್ಯಾವ ಊರಿನ ಕಲ್ಲೋ?”

“ಐಸ್‌ಲ್ಯಾಂಡ್, ಮಾಮ.”

ದುರ್ಗದವರು ಮಳೆಗಾಗಿ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡ ಜನ. ಅವರ ಕೋಟೆಗೆ ಪಾಚಿ ಹಚ್ಚಿದ್ದಾನಲ್ಲ ಮಹಾರಾಯ! ಇಳಕಲ್ಲಿನ ಕೆಂಪು ಗ್ರಾನೈಟು, ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುವ ನಾಡಿನಲ್ಲಿ ಕೂತು ಇವನು ಬಂಡೆಯನ್ನು ಆಮದು ಮಾಡಿಕೊಂಡಿದ್ದಾನೆ. ಅದರಲ್ಲೂ ವಯಸ್ಸು ನೋಡಿ: ದುರ್ಗದ ಗ್ರಾನೈಟು 250 ಕೋಟಿ ವರ್ಷಕ್ಕೂ ಹಿಂದಿನದು. ಐಸ್‌ಲ್ಯಾಂಡಿನ ಅತಿ ಹಳೆಯ ಕಲ್ಲಿಗೂ ಎರಡು ಕೋಟಿ ತುಂಬಿಲ್ಲ. ಮುತ್ತಜ್ಜನ ಪಾತ್ರಕ್ಕೆ ಕೈಗೂಸನ್ನು ಕರೆತಂದ ಹಾಗಾಯಿತು.

ವಿಚಾರಿಸಿದರೆ ಕಥೆ ಹೀಗಿದೆ. ಸ್ವೀಡನ್ನಿನ ಕ್ವಿಕ್ಸೆಲ್ ಎಂಬ ಕಂಪನಿ ದೇಶದೇಶ ಸುತ್ತಿ ಕಲ್ಲು, ಮಣ್ಣು, ಬೇರು, ತೊಗಟೆಗಳ ಫೋಟೋಗಳನ್ನು ಸುತ್ತಲಿಂದಲೂ ಹೊಡೆದು, ಕಂಪ್ಯೂಟರಿನೊಳಗೆ ಮುಟ್ಟಿದರೆ ಸಿಕ್ಕೀತು ಎನ್ನುವ ಹಾಗೆ ಕೂಡಿಸಿಟ್ಟಿತು. ಆ ಉಗ್ರಾಣದ ಹೆಸರು ಮೆಗಾಸ್ಕ್ಯಾನ್ಸ್. 2019ರಲ್ಲಿ ಎಪಿಕ್ ಕಂಪನಿ ಇದನ್ನು ಕೊಂಡು, ತನ್ನ ಅನ್‌ರಿಯಲ್ ಎಂಜಿನ್ ಬಳಸುವವರಿಗೆಲ್ಲ ಪುಕ್ಕಟೆ ಹಂಚಿತು. ಪುಕ್ಕಟೆ ಎಂದ ಮೇಲೆ ಕೇಳಬೇಕೆ, ನಮ್ಮ ಹುಡುಗ ಮೂಟೆಗಟ್ಟಲೆ ಇಳಿಸಿಕೊಂಡಿದ್ದಾನೆ. ಅವನ ಹಾಗೆ ಜಗತ್ತಿನ ಎಷ್ಟೋ ಹುಡುಗರೂ ಇಳಿಸಿಕೊಂಡಿದ್ದಾರೆ. ಆದ್ದರಿಂದ ಅದೇ ಪಾಚಿಕಲ್ಲು ಒಬ್ಬನ ಆಟದಲ್ಲಿ ಮಂಗಳಗ್ರಹ, ಇನ್ನೊಬ್ಬನದರಲ್ಲಿ ಪಾತಾಳ, ನಮ್ಮವನದರಲ್ಲಿ ಮದಕರಿ ನಾಯಕನ ಕೋಟೆ.

ಎಂಜಿನ್ನು ಎಂದರೆ ಏನು ಎಂದು ಅವನು ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದ. ನನಗೆ ತಿಳಿದದ್ದು ಎರಡೇ ಅಕ್ಷರ: ಛತ್ರ.

ಹೌದು, ಮದುವೆಯ ಛತ್ರ. ಹಿಂದೆ ಮದುವೆಯೆಂದರೆ ಮನೆ ಮುಂದೆ ಚಪ್ಪರ. ಗಳ ತರುವವರು, ಗರಿ ಹೆಣೆಯುವವರು, ಒಲೆ ತೋಡುವವರು, ಎಲ್ಲ ನಾವೇ. ಈಗ ಛತ್ರದ ಮ್ಯಾನೇಜರು ಬಣ್ಣದ ಪುಸ್ತಕ ತೋರಿಸುತ್ತಾನೆ: ಲೈಟಿಂಗು, ವಾಲಗ, ಹೂವಿನ ಮಂಟಪ, ಅಡುಗೆ, ಐಸ್‌ಕ್ರೀಮು, ಕಾರಂಜಿ, ಎಲ್ಲ ಪ್ಯಾಕೇಜಿನಲ್ಲೇ ಇದೆ ಸಾರ್, ಗಂಡು ಹೆಣ್ಣು ಮಾತ್ರ ನೀವು ತನ್ನಿ. ಎಂಜಿನ್ನೂ ಹಾಗೆಯೇ. ಬೆಳಕು ಇಲ್ಲಿ ಬಿದ್ದರೆ ನೆರಳು ಎಲ್ಲಿ, ಚೆಂಡು ಗೋಡೆಗೆ ಬಡಿದರೆ ಎತ್ತ ಪುಟಿಯಬೇಕು, ಹಿಂದಿನಿಂದ ಬರುವ ಹೆಜ್ಜೆ ಸದ್ದು ಯಾವ ಕಿವಿಗೆ ಮೊದಲು ಕೇಳಬೇಕು, ಅದೇ ಆಟ ಮೊಬೈಲಿನಲ್ಲೂ ಟೀವಿಯಲ್ಲೂ ಓಡುವುದು ಹೇಗೆ, ಎಲ್ಲ ಪ್ಯಾಕೇಜಿನಲ್ಲೇ ಇದೆ.

ಛತ್ರಗಳ ಚರಿತ್ರೆಯೂ ರಸವತ್ತಾಗಿದೆ. 1993ರಲ್ಲಿ ಡೂಮ್ ಎಂಬ ಆಟ ಬಂದಾಗ ಅದರ ಯಂತ್ರಭಾಗ ಬೇರೆ, ದೆವ್ವ-ಗೋಡೆ-ಬಾಗಿಲುಗಳ ಭಾಗ ಬೇರೆ ಎಂದು ಬಿಡಿಸಿಟ್ಟಿದ್ದರು. ಆ ಯಂತ್ರವನ್ನು ಬೇರೆಯವರು ದುಡ್ಡು ಕೊಟ್ಟು ಬಳಸತೊಡಗಿದರು. 1998ರಲ್ಲಿ ಎಪಿಕ್ ಕಂಪನಿಯ ಟಿಮ್ ಸ್ವೀನಿಯ ಅನ್‌ರಿಯಲ್ ಬಂತು. ಇದೆಲ್ಲ ದೊಡ್ಡ ಮನೆತನದವರ ವ್ಯವಹಾರ. ಬಡವರ ಛತ್ರ ತೆರೆದದ್ದು ಕೋಪನ್‌ಹೇಗನ್ನಿನ ಮೂವರು ಹುಡುಗರು. ಅವರು ಗೂಬಾಲ್ ಎಂಬ ಆಟ ಮಾಡಿದರು, ಅದು ಓಡಲಿಲ್ಲ. ಅದಕ್ಕೆಂದು ಮಾಡಿಕೊಂಡಿದ್ದ ಸಾಮಾನನ್ನೇ 2005ರಲ್ಲಿ ಮಾರಾಟಕ್ಕಿಟ್ಟರು. ಅದೇ ಯೂನಿಟಿ. ಮದುವೆ ಕೈಕೊಟ್ಟ ಮೇಲೆ ಚಪ್ಪರವನ್ನೇ ಬಾಡಿಗೆಗೆ ಬಿಟ್ಟು ಬದುಕಿಕೊಂಡವರು ಎನ್ನಬಹುದು. 2015ರಲ್ಲಿ ಅನ್‌ರಿಯಲ್ಲೂ ಬಾಡಿಗೆ ಬಿಟ್ಟುಕೊಟ್ಟಿತು: ಬನ್ನಿ, ಸುಮ್ಮನೆ ಬಳಸಿ, ದುಡ್ಡು ಬಂದರೆ ನೂರಕ್ಕೆ ಐದು ಕೊಡಿ.

ಅಲ್ಲಿಂದ ಮುಂದೆ ಲಗ್ನದ ಸೀಸನ್ನು ಮುಗಿದೇ ಇಲ್ಲ. ಸ್ಟೀಮ್ ಎಂಬ ಅಂತರ್ಜಾಲದ ಆಟದಂಗಡಿಯಲ್ಲಿ 2017ರಿಂದ ನೂರು ಡಾಲರ್ ಕಟ್ಟಿದವರೆಲ್ಲ ಆಟ ಇಡಬಹುದು. 2024ನೇ ಇಸವಿಯೊಂದರಲ್ಲೇ 18 ಸಾವಿರಕ್ಕೂ ಹೆಚ್ಚು ಆಟಗಳು ಬಂದು ಕೂತವು. ದಿನಕ್ಕೆ ಐವತ್ತು ಮದುವೆ ಲೆಕ್ಕ ಹಾಕಿಕೊಳ್ಳಿ. ಯಾವುದಕ್ಕೆ ಹೋಗಿ ಅಕ್ಷತೆ ಹಾಕುತ್ತೀರಿ?

ಛತ್ರದ ಮದುವೆಗಳ ಕಷ್ಟ ನನಗೆ ಗೊತ್ತು. ಒಮ್ಮೆ ಸೊಗಸಾಗಿ ಊಟ ಮಾಡಿ, ವೇದಿಕೆ ಹತ್ತಿ, ಮುಯ್ಯಿಯ ಕವರು ಕೊಟ್ಟು, ಕೈ ಕುಲುಕಿ, ಫೋಟೋಗೆ ನಕ್ಕು ಕೆಳಗಿಳಿದ ಮೇಲೆ ಗೊತ್ತಾಯಿತು, ನಾನು ಬರಬೇಕಾಗಿದ್ದು ಮಹಡಿಯ ಮೇಲಿನ ಮದುವೆಗೆ. ಅದೇ ಹೂವು, ಅದೇ ನೇರಳೆ ದೀಪ, ಅದೇ ಗೋಬಿ ಮಂಚೂರಿ. ನನ್ನ ತಪ್ಪೇನಿದೆ? ಆಟಗಳದ್ದೂ ಇದೇ ಕಥೆ. ಅನ್‌ರಿಯಲ್ಲಿನಲ್ಲಿ ಹೊಸ ಆಟ ತೆರೆದರೆ ಬೂದುಬಣ್ಣದ ಬೊಂಬೆಯೊಂದು ಸಿದ್ಧವಾಗಿ ನಿಂತಿರುತ್ತದೆ. ಗುಂಡಿ ಒತ್ತಿದರೆ ನಡೆಯುತ್ತದೆ, ಇನ್ನೊಂದು ಒತ್ತಿದರೆ ನೆಗೆಯುತ್ತದೆ. ಅದಕ್ಕೆ ಪಂಚೆ ಉಡಿಸಿದರೆ ನಾಯಕ, ಕೊಂಬು ಹಚ್ಚಿದರೆ ರಾಕ್ಷಸ. ಆದರೆ ನೆಗೆತ? ನಾಯಕನೂ ರಾಕ್ಷಸನೂ ಒಂದೇ ತಾಲೀಮಿನಲ್ಲಿ ಕಲಿತವರ ಹಾಗೆ ನೆಗೆಯುತ್ತಾರೆ.

ನೆಗೆತ ಅಂದರೆ ಸಣ್ಣ ವಿಷಯ ಅಂದುಕೊಳ್ಳಬೇಡಿ. ನಾನೂ ಅಂದುಕೊಂಡಿದ್ದೆ. ಅಳಿಯ ಸೆಲೆಸ್ಟ್ ಎಂಬ 2018ರ ಆಟ ಕೈಗಿತ್ತ. ಹುಡುಗಿಯೊಬ್ಬಳು ಬೆಟ್ಟ ಹತ್ತುತ್ತಾಳೆ, ಅಷ್ಟೇ. ಚೌಕಚೌಕ ಚುಕ್ಕಿಯ ಚಿತ್ರ. ಎಂಜಿನ್ನುಗಳು ಕೊಡುವುದು ನ್ಯೂಟನ್ನನ ಗುರುತ್ವ, 9.81, ಪಠ್ಯಪುಸ್ತಕದಲ್ಲಿರುವಂತೆ. ಈ ಆಟ ಮಾಡಿದವರು ಅದರ ಮಾತು ಕೇಳಲಿಲ್ಲ. ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಕಣ್ಣೆವೆ ಹೊಡೆಯುವಷ್ಟು ಹೊತ್ತು ನೆಗೆಯಲು ಬಿಡುತ್ತಾರೆ. ನೆಗೆತದ ತುದಿಯಲ್ಲಿ ಗುಂಡಿ ಒತ್ತಿ ಹಿಡಿದರೆ ಗುರುತ್ವವನ್ನು ಅರ್ಧಕ್ಕಿಳಿಸಿ ಅರೆಗಳಿಗೆ ತೇಲಿಸುತ್ತಾರೆ. ನಮಗೆ ಗೊತ್ತೇ ಆಗುವುದಿಲ್ಲ. ನಾವೇ ಶೂರರು ಅನ್ನಿಸುತ್ತದೆ. ನಮ್ಮಜ್ಜಿ ಚೌಕಾಬಾರ ಆಡುವಾಗ ನನ್ನ ಕಾಯಿ ಹೊಡೆಯುವ ಗರ ಬಿದ್ದರೂ ಕನ್ನಡಕ ಸಿಗಲಿಲ್ಲವೆಂದು ಸೆರಗಿನಲ್ಲಿ ಹುಡುಕುತ್ತ ಬಿಟ್ಟುಬಿಡುತ್ತಿದ್ದಳಲ್ಲ, ಆ ಥರ. ಅಜ್ಜಿಯ ಈ ಗುಣ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ.

ಯೂನಿಟಿಯ ಪಾಡು ಇನ್ನೂ ತಮಾಷೆ. ಪುಕ್ಕಟೆ ಬಳಸುವವರು ಆಟದ ಮೊದಲಿಗೆ ‘ಯೂನಿಟಿಯಲ್ಲಿ ಮಾಡಿದ್ದು’ ಎಂಬ ಚಿಹ್ನೆ ತೋರಿಸಲೇಬೇಕಿತ್ತು. ದುಡ್ಡು ಕಟ್ಟಿದವರು ತೆಗೆದುಹಾಕಬಹುದಿತ್ತು. ಹೀಗಾಗಿ ಶಾಲೆಯ ಹುಡುಗರ ಅರೆಬೆಂದ ಆಟಗಳಿಗೆಲ್ಲ ಯೂನಿಟಿಯ ಹೆಸರು, ಅದರಲ್ಲೇ ಮಾಡಿದ ಒಳ್ಳೆಯ ಆಟಗಳಲ್ಲಿ ಹೆಸರೇ ಇಲ್ಲ. ಹಳಸಿದ ಸಾರಿಗೆ ಮಾತ್ರ ಭಟ್ಟರ ಹೆಸರು ಹೇಳುವ ಬೀಗರ ಪದ್ಧತಿ ಇದು. ಆಟ ಚೆನ್ನಾಗಿಲ್ಲದಿದ್ದರೆ ‘ಯೂನಿಟಿ ಆಟ’ ಎಂದು ಮೂಗು ಮುರಿಯುವುದು ವರ್ಷಗಟ್ಟಲೆ ನಡೆಯಿತು. 2024ರ ಆವೃತ್ತಿಯಲ್ಲಿ, ತೋರಿಸುವುದು ಬಿಡುವುದು ನಿಮ್ಮಿಷ್ಟ ಎಂದರು.

ಅಷ್ಟು ಹೊತ್ತಿಗೆ ಹೆಸರು ಬೇರೆ ಕಾರಣಕ್ಕೆ ಕೆಟ್ಟಾಗಿತ್ತು ಬಿಡಿ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಇದ್ದಕ್ಕಿದ್ದಂತೆ ಎಲೆ ಲೆಕ್ಕ ತೆಗೆಯಿತು. ಆಟ ಇಂತಿಷ್ಟು ಗಳಿಸಿ, ಎರಡು ಲಕ್ಷ ಸಲ ಇನ್‌ಸ್ಟಾಲ್ ಆದ ಮೇಲೆ, ಮುಂದಿನ ಪ್ರತಿ ಇನ್‌ಸ್ಟಾಲಿಗೂ 20 ಸೆಂಟಿನವರೆಗೆ ಕೊಡಬೇಕು. ಅದೂ ಆಗಲೇ ಮಾರಾಟದಲ್ಲಿದ್ದ ಆಟಗಳಿಗೂ. ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುತ್ತಿರುವಾಗ ಛತ್ರದವನು ಬಾಗಿಲು ತಟ್ಟಿ, ಇನ್ನು ಮೇಲೆ ನಿಮ್ಮ ಮನೆಗೆ ಬಂದವರೆಲ್ಲರ ಎಲೆಗೂ ಇಷ್ಟು ಎಂದ ಹಾಗೆ. ಒಬ್ಬನೇ ಅಳಿಸಿ ಮತ್ತೆ ಹಾಕಿಕೊಂಡರೆ? ಅದಕ್ಕೂ ಸೇರಿಸಿ ಎಂದರು ಮೊದಲು. ಕೈತೊಳೆದು ಬಂದು ಮತ್ತೆ ಕೂತರೆ ಇನ್ನೊಂದು ಎಲೆ. ಗದ್ದಲ ಎದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು, ಕ್ಷಮೆ ಕೇಳಿದರು, ಅಕ್ಟೋಬರಿನಲ್ಲಿ ಮುಖ್ಯಸ್ಥರು ಹೊರಟರು, ಮರುವರ್ಷ ಇಡೀ ಶುಲ್ಕವೇ ರದ್ದು. ಆ ಗದ್ದಲದಲ್ಲಿ ಸಣ್ಣಪುಟ್ಟ ಆಟ ಮಾಡುವವರು ಅನೇಕರು ಗೋಡೋ ಎಂಬ ಧರ್ಮಛತ್ರಕ್ಕೆ ಓಡಿದರು. ಅರ್ಜೆಂಟೀನಾದ ಇಬ್ಬರು ಮಾಡಿ, 2014ರಲ್ಲಿ ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟದ್ದು. ಬೆಕೆಟ್ಟನ ನಾಟಕದಲ್ಲಿ ಎಷ್ಟು ಕಾದರೂ ಬಾರದವನ ಹೆಸರು ಅದಕ್ಕೆ. ಯಾವ ಸಾಫ್ಟ್‌ವೇರಿಗೂ ಇಷ್ಟು ಪ್ರಾಮಾಣಿಕ ಹೆಸರಿಟ್ಟದ್ದು ನಾನು ಕಾಣೆ.

“ಹಾಗಾದ್ರೆ ನೀನೇ ಒಂದು ಎಂಜಿನ್ ಮಾಡ್ಕೊಂಬಿಡೋ” ಎಂದೆ, ದೊಡ್ಡ ಉಪಾಯ ಹೇಳಿದವನಂತೆ.

ಅಳಿಯ ನಕ್ಕ. ಅವನ ಗೆಳೆಯನೊಬ್ಬ ಅದೇ ಕೆಲಸದಲ್ಲಿದ್ದಾನಂತೆ, ನಾಲ್ಕು ವರ್ಷದಿಂದ. ಯಾರ ಹಂಗೂ ಬೇಡವೆಂದು ಎಲ್ಲ ತಾನೇ ಬರೆಯುತ್ತಿದ್ದಾನೆ. ನೆರಳು ಬೀಳುತ್ತದೆ, ನೀರು ಅಲುಗುತ್ತದೆ. ಆಟ ಯಾವುದು ಎಂದರೆ ಇನ್ನೂ ಯೋಚಿಸಿಲ್ಲ. ಒಲೆ ಎಷ್ಟು ಚೆನ್ನಾಗಿ ಕಟ್ಟಿದ್ದಾನೆಂದರೆ ಅದರ ಮೇಲೆ ಹಾಲಿಡಲು ಅವನಿಗೇ ಮನಸ್ಸು ಬಾರದು, ಉಕ್ಕಿದರೆ ಗತಿಯೇನು!

ಆದರೆ ಈ ಜಾತಿಯವರನ್ನು ನೋಡಿ ಪೂರಾ ನಗುವ ಹಾಗೂ ಇಲ್ಲ. ಬಿಲ್ಲಿ ಬಾಸ್ಸೋ ಎಂಬ ಅಮೆರಿಕದವನು ಏಳು ವರ್ಷ ಒಬ್ಬನೇ ಕೂತು, ಎಂಜಿನ್ನನ್ನೂ ತಾನೇ ಬರೆದು, 2024ರಲ್ಲಿ ಅನಿಮಲ್ ವೆಲ್ ಎಂಬ ಆಟ ತಂದ. ಒಂದು ಲೋಕವೇ ಅದರೊಳಗಿದೆ. ತೂಕ 40 ಎಂಬಿಗೂ ಕಡಿಮೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಂಕ್ರಾಂತಿಗೆ ಬರುವ ಶುಭಾಶಯದ ವಿಡಿಯೋಗಳು ಅದಕ್ಕಿಂತ ಭಾರ. ಅಳಿಯನ ಕೋಟೆಯ ಹೆಬ್ಬಾಗಿಲೊಂದೇ ಅಷ್ಟು ತೂಗುತ್ತದೋ ಏನೋ. ಫಿನ್‌ಲೆಂಡಿನ ನೊಯ್ಟಾ ಎಂಬ ಆಟದಲ್ಲಿ ತೆರೆಯ ಒಂದೊಂದು ಚುಕ್ಕಿಯೂ ಉರಿಯುತ್ತದೆ, ಕರಗುತ್ತದೆ, ಹರಿಯುತ್ತದೆ. ಅಂಥದ್ದು ಬಾಡಿಗೆಗೆ ಸಿಗುತ್ತಿರಲಿಲ್ಲ, ಅವರೇ ಕಟ್ಟಿಕೊಂಡರು. ಅವರಿಗೆ ಬೇಕಾಗಿದ್ದ ಪಾಯಸಕ್ಕೆ ಪೇಟೆಯ ಒಲೆ ಒದಗಲಿಲ್ಲ, ಸರಿ. ನಮ್ಮವನ ಗೆಳೆಯನಿಗೆ ಯಾವ ಪಾಯಸ ಬೇಕೆಂದೇ ಗೊತ್ತಿಲ್ಲ.

ನನ್ನ ಮಾತು ಕೇಳಿ ಕೇಳಿ ಸಾಕಾಗಿ ಅಳಿಯ ತಿರುಗಿಬಿದ್ದ. “ಮಾಮ, ಹರಟೆ ಬರೆಯೋಕೆ ಕಾಗದ ನೀವೇ ಮಾಡ್ಕೋತೀರಾ?” ಎಂದ. ಬೆನ್ನುನೋವಿಗೆಂದು ಬೆಲೆಬಾಳುವ ಕುರ್ಚಿ, ಬೆರಳುನೋವಿಗೆಂದು ಸೊಟ್ಟ ಕೀಲಿಮಣೆ ಕೊಂಡು ಆರು ತಿಂಗಳಿಂದ ಒಂದು ಸಾಲೂ ಬರೆಯದೆ ಇರುವ ನನಗೆ ಈ ಪ್ರಶ್ನೆ ಹಿಡಿಸಲಿಲ್ಲ. ಅವನು ಬಿಡಲಿಲ್ಲ. ಹಾಲೋ ನೈಟ್ ಮಾಡಿದವರು ಆಸ್ಟ್ರೇಲಿಯದ ನಾಲ್ಕಾರು ಜನ, ಯೂನಿಟಿಯಲ್ಲಿ. ಕಪ್‌ಹೆಡ್ ಮಾಡಿದ ಕೆನಡಾದ ಅಣ್ಣತಮ್ಮಂದಿರು ಮನೆ ಅಡವಿಟ್ಟು, 1930ರ ದಶಕದ ಕಾರ್ಟೂನಿನ ಹಾಗೆ ಒಂದೊಂದು ಚಿತ್ರವನ್ನೂ ಕಾಗದದ ಮೇಲೆ ಕೈಯಲ್ಲಿ ಬಿಡಿಸಿ, ಅದೇ ಯೂನಿಟಿಗೆ ಸುರಿದರು. ಫ್ರಾನ್ಸಿನ ಮೋಂಪೆಲಿಯೇದಲ್ಲಿ ಸುಮಾರು ಮೂವತ್ತು ಜನ ಸೇರಿ ಅನ್‌ರಿಯಲ್ಲಿನಲ್ಲಿ ಮಾಡಿದ ಎಕ್ಸ್‌ಪೆಡಿಷನ್ 33 ಆಟವನ್ನು 2025ರಲ್ಲಿ ನೂರಾರು ಜನರ ಕಂಪನಿಗಳು ಬಾಯಿಬಿಟ್ಟು ನೋಡಿದವು. ಪುಣೆಯ ತಂಡವೊಂದು 2020ರಲ್ಲಿ ರಾಜಿ ಎಂಬ ಆಟ ತಂದಿತು. ಕಥೆ ಹೇಳುವ ಭಾಗಗಳನ್ನು ತೊಗಲುಗೊಂಬೆಯಾಟದ ಹಾಗೆ ನೆರಳಿನಲ್ಲಿ ತೋರಿಸುತ್ತದೆ. “ಛತ್ರ ಇಲ್ದಿದ್ರೆ ಇವರ್ಯಾರಿಗೂ ಮದುವೇನೇ ಆಗ್ತಿರ್ಲಿಲ್ಲ ಮಾಮ.”

ಒಪ್ಪಿಕೊಂಡೆ. ಒಪ್ಪುತ್ತಲೇ ಒಂದು ಕುತೂಹಲ ಹತ್ತಿತು: ಬೆಳಕಿನ ಅಷ್ಟು ದೊಡ್ಡ ಯಂತ್ರ ಕೈಯಲ್ಲಿಟ್ಟುಕೊಂಡು ಪುಣೆಯವರು ನೆರಳು ಆಡಿಸಿದರಲ್ಲ! ಅದನ್ನೇ ಹೇಳಿದೆ. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಇದನ್ನ ನೋಡ್ಬೇಕು” ಎಂದು ಇನ್ನೊಂದು ಆಟ ಹಾಕಿದ.

ರಿಟರ್ನ್ ಆಫ್ ದಿ ಓಬ್ರಾ ಡಿನ್, 2018. ಮಾಡಿದವನು ಜಪಾನಿನಲ್ಲಿ ನೆಲೆಸಿದ ಅಮೆರಿಕದ ಲುಕಾಸ್ ಪೋಪ್. 1807ನೇ ಇಸವಿ, ಕಳೆದುಹೋಗಿದ್ದ ಹಡಗೊಂದು ಜನರಿಲ್ಲದೆ ದಡಕ್ಕೆ ಬಂದಿದೆ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ಇನ್‌ಸ್ಪೆಕ್ಟರು. ಅದರಲ್ಲಿದ್ದ 60 ಜನ ಏನಾದರು, ಯಾರು ಯಾರನ್ನು ಕೊಂದರು ಎಂದು ಲೆಡ್ಜರಿನಲ್ಲಿ ಬರೆಯಬೇಕು. ಕಂಪನಿ ಸರ್ಕಾರದ ಗುಮಾಸ್ತಗಿರಿ ನಮ್ಮ ರಕ್ತದಲ್ಲೇ ಇರುವುದರಿಂದ ನನಗೆ ತಕ್ಷಣ ಹಿಡಿಯಿತು. ಆದರೆ ವಿಷಯ ಅದಲ್ಲ. ಯೂನಿಟಿಯಲ್ಲಿ ಮಾಡಿದ ಈ ಆಟದಲ್ಲಿ ಇರುವುದು ಎರಡೇ ಬಣ್ಣ. ಹಳೆಯ ಮ್ಯಾಕಿಂಟಾಷ್ ತೆರೆಯ ಹಾಗೆ ಕಪ್ಪು, ಬಿಳಿ. ಬೂದು ಕೂಡ ಇಲ್ಲ. ಬೂದು ಬೇಕಾದಲ್ಲಿ ಪತ್ರಿಕೆಯ ಹಳೆಯ ಫೋಟೋಗಳಂತೆ ಚುಕ್ಕಿಗಳ ದಟ್ಟಣೆ. ಲಕ್ಷಾಂತರ ಬಣ್ಣ ಉಪ್ಪರಿಗೆಯಲ್ಲಿ ತುಂಬಿಕೊಂಡಿರುವ ಛತ್ರವನ್ನು ಬಾಡಿಗೆಗೆ ಹಿಡಿದು, ದೀಪವೆಲ್ಲ ಆರಿಸಿ, ಒಂದು ಹಣತೆ ಹಚ್ಚಿದ ಮನುಷ್ಯ.

ಆರಿಸುವುದೂ ಸುಲಭವಾಗಿರಲಿಲ್ಲವಂತೆ. ತಲೆ ತಿರುಗಿಸಿದಾಗಲೆಲ್ಲ ಚುಕ್ಕಿಗಳು ಇರುವೆಗೂಡು ಕೆದಕಿದಂತೆ ಮಿಜಿಮಿಜಿ ಎಂದು ಕಣ್ಣು ನೋಯಿಸುತ್ತಿದ್ದವು. ಆ ಚುಕ್ಕಿಗಳನ್ನು ನೋಡುವವನ ಸುತ್ತ ಒಂದು ಗೋಳಕ್ಕೆ ಅಂಟಿಸಿದ ಹಾಗೆ ಲೆಕ್ಕ ಮಾಡಿ, ಮಿಜಿಮಿಜಿಯನ್ನು ನಿಲ್ಲಿಸಲು ಆತ ಸುಮಾರು ನೂರು ಗಂಟೆ ಸುರಿದ. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮತ್ತೆ ಅಜ್ಜಿಯ ಕನ್ನಡಕ.

ಅಳಿಯನಿಗೂ ಎಂಜಿನ್ನಿಗೂ ಒಂದು ಹಳೆಯ ಜಗಳವಿತ್ತು. ಕೋಟೆಯೊಳಗೆ ಕನ್ನಡದ ಫಲಕ ನಿಲ್ಲಿಸಲು ಹೊರಟಾಗ, ಅವನು ಮೊದಲು ಬಳಸುತ್ತಿದ್ದ ಎಂಜಿನ್ನು ಒತ್ತಕ್ಷರವನ್ನೆಲ್ಲ ಒದ್ದು ಪಕ್ಕಕ್ಕೆ ಹಾಕಿತಂತೆ. ‘ರಕ್ಷಿಸಿ’ ಎಂಬುದು ‘ರಕ್‌ಷಿಸಿ’ ಎಂದು ಕೂತಿತ್ತು. ಇಬ್ಬನಿಯ ಹನಿಯೊಳಗೆ ಸೂರ್ಯ ತೋರಿಸಬಲ್ಲ ಯಂತ್ರಕ್ಕೆ ಎರಡನೇ ತರಗತಿಯ ಕಾಗುಣಿತ ಬಾರದು! ಕಡೆಗೆ ಒಂದೊಂದು ಫಲಕವನ್ನೂ ಚಿತ್ರವಾಗಿ ಬಿಡಿಸಿ ಅಂಟಿಸಿದ. ಅವನಮ್ಮನ ಕೈಬರಹ ಚೆನ್ನಾಗಿದೆಯೆಂದು ಅವಳ ಕೈಲಿ ಸುಣ್ಣದಲ್ಲಿ ಬರೆಸಿ ಫೋಟೋ ಹೊಡೆದುಕೊಂಡನಂತೆ. 2023ರಲ್ಲಿ ಬಂದ ಗೋಡೋ 4ರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಈಗಿನ ಅನ್‌ರಿಯಲ್ಲಿನಲ್ಲೂ ಕೂರುತ್ತದೆ. ಇವನು ಮಾತ್ರ ಅಮ್ಮನ ಸುಣ್ಣದಕ್ಷರ ತೆಗೆದಿಲ್ಲ.

ಬಂಡೆ ನನ್ನನ್ನು ಬಿಡಲಿಲ್ಲ. ಮುಂದಿನ ಭಾನುವಾರ ಬೆಳಗಿನ ಬಸ್ಸು ಹಿಡಿದು ಇಬ್ಬರೂ ದುರ್ಗಕ್ಕೆ ಹೋದೆವು. ಮೊಬೈಲಿನಲ್ಲೇ ಕಲ್ಲನ್ನು ‘ಇಳಿಸಿಕೊಳ್ಳುವ’ ಆ್ಯಪು ಬಂದಿದೆಯಂತೆ. ಸುತ್ತಲಿಂದ ನೂರಿನ್ನೂರು ಫೋಟೋ ಹೊಡೆದರೆ ಅದೇ ಹೊಲಿದು ಮೂರು ಆಯಾಮದ ಬಂಡೆ ಮಾಡುತ್ತದೆ. ಚಂದ್ರವಳ್ಳಿಯ ಕಡೆ, ನಾಲ್ಕಾಳೆತ್ತರದ ಒಂದು ಬಂಡೆ ಆರಿಸಿದ. ಪಾಚಿಯ ಸುಳಿವಿಲ್ಲ, ಬೋಳು ಮೈ, ಮಳೆನೀರು ಇಳಿದ ಕಪ್ಪು ಗೆರೆ, ಯಾರೋ ಪ್ರೇಮಿಯ ಹೆಸರು. ಅವನು ಪ್ರದಕ್ಷಿಣೆ ಹಾಕತೊಡಗಿದ. ನಾನು ನೆರಳಲ್ಲಿ ಕೂತು ಕಡಲೆಕಾಯಿ ಸುಲಿದೆ. ನೂರಹತ್ತನೆಯ ಫೋಟೋ ಹೊತ್ತಿಗೆ ಒಂದು ಮೇಕೆ ಬಂಡೆಯ ಮೇಲೆ ಬಂದು ನಿಂತಿತು. ಓಡಿಸಿದರೆ ಇನ್ನೂ ಮೇಲಕ್ಕೆ ಹೋಯಿತು. ಅಲ್ಲಿಂದ ನಮ್ಮನ್ನು ನೋಡುತ್ತ ಮೆಲುಕು ಹಾಕಿತು, ಕಾಲು ಬದಲಿಸಿತು, ಮತ್ತೆ ಮೆಲುಕು ಹಾಕಿತು.

ರಾತ್ರಿ ಮನೆಗೆ ಬಂದು ನೋಡಿದರೆ ಬಂಡೆ ಅಚ್ಚುಕಟ್ಟಾಗಿ ಬಂದಿತ್ತು, ಪ್ರೇಮಿಯ ಹೆಸರಿನ ಸಮೇತ. ಅದರ ನೆತ್ತಿಯಲ್ಲಿ ಮೇಕೆಯೂ ಇತ್ತು. ಅಲುಗಾಡಿದ್ದರಿಂದ ಆ್ಯಪಿಗೆ ಗೊಂದಲವಾಗಿ ಐದು ಕಾಲು ಹೊಲಿದಿತ್ತು. ಗಡ್ಡ ಕರಗಿ ಕಲ್ಲಿಗೇ ಅಂಟಿತ್ತು. ಒಂದು ಕಣ್ಣು ಮಾತ್ರ ಸರಿಯಾಗಿದ್ದು ನೇರ ನಮ್ಮನ್ನೇ ನೋಡುತ್ತಿತ್ತು. ಬಂಡೆಯನ್ನು ಕೋಟೆಯೊಳಗಿಟ್ಟು ಸಂಜೆಯ ಬೆಳಕು ಹಾಕಿದ. ಹುಡುಗ ಕೆಳಗೆ, ಮೇಕೆ ಮೇಲೆ.

ಅಕ್ಕ ಊಟಕ್ಕೆ ಕರೆಯಲು ಬಂದವಳು, ‘ಬುದ್ಧಿ ಹೇಳಿದೆಯಾ’ ಎಂಬಂತೆ ನನ್ನ ಮುಖ ನೋಡಿದಳು. ನಾನು ತೆರೆಯ ಕಡೆ ನೋಡಿದೆ. ಅವಳೂ ನೋಡಿದಳು.

“ಅದೇನೋ ಅದು, ಐದು ಕಾಲು?”

“ತಪ್ಪಾಗಿ ಬಂದಿದೆ ಅಮ್ಮ, ಬೆಳಿಗ್ಗೆ ಅಳಿಸ್ತೀನಿ.”

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇನ್ನೊಂದು ಗಳಿಗೆ ನಿಂತಳು.

“ಇರ್ಲಿ ಬಿಡೋ. ಕತ್ಲಲ್ಲಿ ಮಗು ಒಂದೇ ಇದೆ.”